ಕೂಸಿನ ಹಳೇ ಬಟ್ಟೆ

ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಾವಿದ್ದ ಮನೆಯ ಬಟ್ಟೆ ಕ್ಲಾಸೆಟ್ಟಿನ ಮೇಲ್ಗಡೆ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಮಗಳು ಹುಟ್ಟಿದ ದಿನದಿಂದ ಎರಡು ವರ್ಷ ತುಂಬುವವರೆಗೆ ತೊಟ್ಟ ಬಟ್ಟೆಯೆಲ್ಲ ಅವುಗಳಲ್ಲಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ತನ್ನ ಮೆತ್ತನೆಯ ಸೀರೆ ಕತ್ತರಿಸಿ ಕೈಯಲ್ಲೇ ಹೊಲಿದ ಜಬಲಗಳು, ಕಿವಿ ಮುಚ್ಚುವ ಕುಲಾವಿಗಳು, ಅತ್ತೆ ಹೆಣೆದು ಕಳಿಸಿದ ಸ್ವೆಟರು, ಇಲ್ಲಿಯ ಗೆಳತಿಯರು ಕೊಟ್ಟ, ಪಾದದವರೆಗೂ ಮುಚ್ಚುವ ಅಂಗಿಗಳು. ಎರಡನೆಯದಕ್ಕೆ ಬೇಕಾಗುತ್ತದೆ ಎಂದು ನಾನೇ ಒಗೆದು, ಮಡಿಸಿ, ಎತ್ತಿಟ್ಟಿದ್ದೆ.

ಎರಡನೆಯದು ಬರಲಿಲ್ಲ. ಎರಡು ಸಲ ಬಸಿರು ನಿಂತಿತು. ಎರಡು ಸಲವೂ ಮೂರು ತಿಂಗಳು ದಾಟಲಿಲ್ಲ. ಆಮೇಲೆ ನಿಲ್ಲಲೇ ಇಲ್ಲ. ಮಗಳು ಒಂದನೇ ತರಗತಿಗೆ ಹೋಗುವಷ್ಟು ದೊಡ್ಡವಳಾದರೂ ಪೆಟ್ಟಿಗೆಗಳು ಅಲ್ಲೇ ಇದ್ದವು.

ಬೇರೆ ಬಟ್ಟೆ ಕೊಟ್ಟುಬಿಡಲು ನನಗೆ ಯಾವತ್ತೂ ಕಷ್ಟವಾದದ್ದಿಲ್ಲ. ಚಳಿಗಾಲ ಮುಗಿಯುತ್ತಿದ್ದ ಹಾಗೆ ಬಿಗಿಯಾದ ಪ್ಯಾಂಟು, ಗಂಡನ ಕಾಲರ್ ಸವೆದ ಷರಟು, ಮಗಳ ಗಿಡ್ಡವಾದ ಫ್ರಾಕು ಎಲ್ಲ ಚೀಲಕ್ಕೆ ತುಂಬಿ, ಒಂದು ಚರ್ಚಿನವರು ನಡೆಸುತ್ತಿದ್ದ ಹಳೇ ಬಟ್ಟೆಯಂಗಡಿಗೆ ಒಯ್ಯುತ್ತಿದ್ದೆ. ಹಿಂಬಾಗಿಲಲ್ಲಿ ಯಾರೋ ಚೀಲ ಇಸಿದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದರು. ಅಷ್ಟೇ. ಮೈಸೂರಿನಲ್ಲಿ ಹಾಗಿರಲಿಲ್ಲ. ಅಮ್ಮ ಕೊಟ್ಟ ಸೀರೆ ನಾಲ್ಕೇ ದಿನದಲ್ಲಿ ಕೆಲಸದವಳ ಮೈಮೇಲೆ ನಮ್ಮ ಮನೆಗೇ ಬರುತ್ತಿತ್ತು. ಅಪ್ಪನ ಷರಟು ತೊಟ್ಟ ಹೂವಿನವನು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ. ಅಂಚು ಹರಿದ ರೇಷ್ಮೆ ಸೀರೆ ಪಾತ್ರೆಯವಳ ಬುಟ್ಟಿಗೆ ಬಿದ್ದು, ಅದರ ಬದಲಿಗೆ ಒಂದು ಸ್ಟೀಲ್ ಡಬ್ಬಿ ಅಡುಗೆಮನೆ ಸೇರುತ್ತಿತ್ತು. ಇಲ್ಲಿ ಬಾಗಿಲು ದಾಟಿದ ಚೀಲ ಎಲ್ಲಿಗೆ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನನ್ನ ಗಂಡ ಕ್ಲಾಸೆಟ್ಟಿನ ಕಡೆ ನೋಡಿ, ಅದನ್ನೂ ಕೊಟ್ಟುಬಿಡೋಣವೇ ಎಂದು ಮೆಲ್ಲಗೆ ಕೇಳಿದರು. ಇರಲಿ ಎಂದೆ. ಮತ್ತೆ ಕೇಳಲಿಲ್ಲ.

ಆ ವರ್ಷ ನಮ್ಮ ಮನೆಯ ಹತ್ತಿರದ ಅಪಾರ್ಟ್‌ಮೆಂಟಿಗೆ ಬೆಂಗಳೂರಿನ ಗಂಡ ಹೆಂಡತಿ ಬಂದರು. ಹುಡುಗಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಬಂದ ಕೆಲವೇ ತಿಂಗಳಿಗೆ ಬಸಿರಾದಳು. ಡ್ರೈವಿಂಗ್ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರಕ್ಕೂ ಅಂಗಡಿಗೂ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಬಾಣಂತನಕ್ಕೆ ಬರಬೇಕಾಗಿದ್ದ ಅವಳ ತಾಯಿಗೆ ವೀಸಾ ಸಿಗಲಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು ಅವಳು ಕೇಳಿದಳು. "ಅಕ್ಕ, ಮಗೂಗೆ ಮೊದಲು ಹಳೇ ಬಟ್ಟೇನೇ ಹಾಕ್ಬೇಕಂತೆ. ಅಮ್ಮ ಫೋನಲ್ಲಿ ಹೇಳಿದ್ರು. ಗಟ್ಟಿಮುಟ್ಟಾಗಿ ಬೆಳೆದ ಮಗು ತೊಟ್ಟಿದ್ದಾಗ್ಬೇಕಂತೆ. ನಿಮ್ಮ ಮಗಳದ್ದು ಏನಾದ್ರೂ ಇದ್ಯಾ?"

ನಾನು ಒಲೆಯ ಮೇಲಿನ ಚಪಾತಿ ಮಗುಚುತ್ತಿದ್ದೆ. ತಿರುಗಿ ನೋಡದೆ, "ಎಲ್ಲಾ ಡೊನೇಟ್ ಮಾಡ್ಬಿಟ್ಟೆ ಕಣೇ" ಎಂದೆ.

ಅವಳು, ಹೋಗಲಿ ಬಿಡಿ ಎಂದಳು. ಮುಂದಿನ ವಾರ ಅಂಥ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಅವಳನ್ನು ಅದೇ ಚರ್ಚಿನ ಅಂಗಡಿಗೆ ಕರೆದೊಯ್ದೆ. ಗೋಡೆಯುದ್ದಕ್ಕೂ ಪುಟಾಣಿ ಅಂಗಿಗಳು ತೂಗುತ್ತಿದ್ದವು. ಒಂದೊಂದನ್ನೇ ತೆಗೆದು ಮೂಗಿಗೆ ಹಿಡಿದು, ಹೊಲಿಗೆ ನೋಡಿ, ಮತ್ತೆ ಸಿಕ್ಕಿಸುತ್ತಿದ್ದಳು. ಕೊನೆಗೆ ಒಂದು ನೀಲಿ ಅಂಗಿ ಕೈಯಲ್ಲಿ ಹಿಡಿದುಕೊಂಡು, "ಇದನ್ನ ಹಾಕ್ಕೊಂಡಿದ್ದ ಮಗು ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?" ಎಂದಳು. ಆ ಅಂಗಿ ಇಸಿದುಕೊಂಡು ಮತ್ತೆ ಗೋಡೆಗೆ ಸಿಕ್ಕಿಸಿದೆ. ಏನೂ ಕೊಳ್ಳದೆ ಬಂದೆವು.

ಮರುದಿನ ಬೆಳಿಗ್ಗೆ ಮನೆ ಖಾಲಿಯಾದ ಮೇಲೆ ಸ್ಟೂಲು ಹತ್ತಿ ಪೆಟ್ಟಿಗೆಗಳನ್ನು ಇಳಿಸಿದೆ. ಬಿಳಿಯದೊಂದೂ ಬಿಳಿಯಾಗಿ ಉಳಿದಿರಲಿಲ್ಲ. ಮಗಳು ಕಕ್ಕಿದ ಹಾಲಿನ ಕಲೆ, ಒಗೆದು ಮಡಿಸಿದಾಗ ಕಾಣದೆ ಇದ್ದದ್ದು, ಕುತ್ತಿಗೆಯ ಸುತ್ತ ಅರಿಸಿನದ ಹಾಗೆ ಎದ್ದು ಬಂದಿತ್ತು. ಚಡ್ಡಿಗಳ ಎಲಾಸ್ಟಿಕ್ ಎಳೆದರೆ ಪುಡಿಪುಡಿಯಾಯಿತು. ಇನ್ನು ಕೆಲವು ವರ್ಷ ಇಟ್ಟರೆ ಇವು ನೆಲ ಒರೆಸುವುದಕ್ಕೂ ಬರುವುದಿಲ್ಲ ಎಂದುಕೊಂಡೆ. ಹಾಗಂದುಕೊಂಡರೂ ಬಹಳ ಹೊತ್ತು ಅಲ್ಲೇ ನೆಲದ ಮೇಲೆ, ಒಂದು ಕುಲಾವಿಯನ್ನು ಮೊಣಕಾಲಿಗೆ ತೊಡಿಸಿಕೊಂಡು ಕೂತಿದ್ದೆ. ಮೊಣಕಾಲಿಗಿಂತ ಚಿಕ್ಕದಿತ್ತು ಆ ತಲೆ.

ಯಂತ್ರಕ್ಕೆ ಹಾಕಲು ಮನಸ್ಸಾಗಲಿಲ್ಲ. ಬಾತ್‌ಟಬ್ಬಿನಲ್ಲಿ ನೆನೆಸಿ ಕೈಯಲ್ಲೇ ಉಜ್ಜಿದೆ. ನಮ್ಮ ಬಡಾವಣೆಯಲ್ಲಿ ಹೊರಗೆ ಬಟ್ಟೆ ಒಣಗಿಸಬಾರದೆಂಬ ನಿಯಮವಿತ್ತು. ಆದರೂ ಹಿತ್ತಲಿನ ಎರಡು ಪೈನ್ ಮರಗಳ ನಡುವೆ ಹಗ್ಗ ಕಟ್ಟಿದೆ. ಆ ಮರಗಳ ಹಳದಿ ಪರಾಗ ಉದುರುವ ಕಾಲ ಮುಗಿದು ಬಿಸಿಲು ಜೋರಾಗಿತ್ತು. ಪಕ್ಕದ ಮನೆಯ ಮುದುಕಿ ಬೇಲಿಯ ಹತ್ತಿರ ಬಂದು, ನಗುತ್ತಾ, ಏನಾದರೂ ಸಿಹಿ ಸುದ್ದಿಯೇ ಎಂದು ಕೇಳಿದರು. ನನಗಲ್ಲ, ಗೆಳತಿಗೆ, ಎಂದೆ. ನಮಗೆ ಇನ್ನು ಮಗುವಾಗುವುದಿಲ್ಲ ಎಂದೂ ಸೇರಿಸಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಬೇಲಿಯ ಮೇಲಿಂದ ನನ್ನ ಕೈ ಅದುಮಿ, ಒಳಗೆ ಹೋದರು. ನಿಯಮದ ಬಗ್ಗೆ ಯಾರಿಗೂ ದೂರು ಹೋಗಲಿಲ್ಲ.

ಅವತ್ತೇ ಮಧ್ಯಾಹ್ನ ಬಟ್ಟೆ ಮಡಿಸಿಕೊಂಡು ಅವಳ ಮನೆಗೆ ಹೋದೆ. "ನಿನಗೆ ಸುಳ್ಳು ಹೇಳಿದ್ದೆ ಕಣೇ. ಇದ್ವು. ಕೊಡೋಕೆ ಮನಸ್ಸು ಬರ್ಲಿಲ್ಲ" ಎಂದೆ.

"ಗೊತ್ತಿತ್ತು ಅಕ್ಕ" ಎಂದಳು.

ಹಳೇ ಬಟ್ಟೆ ಕೇಳಿದ ಸಂಜೆ ಅವಳು ನಮ್ಮ ಮನೆಯಿಂದ ಹೊರಡುವಾಗ ನನ್ನ ಮಗಳು ಬಾಗಿಲವರೆಗೆ ಹೋಗಿದ್ದಳಂತೆ. ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, "ಆಂಟಿ, ಬಾಕ್ಸ್ ಇದೆ. ಅದು ನಮ್ಮ ಬೇಬಿಗೆ. ಬೇಬಿ ಇನ್ನೂ ಬಂದಿಲ್ಲ" ಎಂದಿದ್ದಳಂತೆ.

ಗೊತ್ತಿದ್ದೂ ಮತ್ತೆ ಯಾಕೆ ಕೇಳಲಿಲ್ಲ ಎಂದೆ. "ಅದನ್ನ ಹೇಗೆ ಕೇಳ್ಲಿ ಅಕ್ಕ?" ಎಂದಳು. ಅವಳ ಕಣ್ಣು ತುಂಬಿತ್ತು. ನನ್ನದೂ.

ಹದಿನೈದು ದಿನಕ್ಕೆ ಗಂಡುಮಗುವಾಯಿತು. ಆಸ್ಪತ್ರೆಯಿಂದ ಬಂದ ದಿನ ಎಣ್ಣೆ ಹಚ್ಚಿ ನೀರೆರೆದವಳು ನಾನೇ. ಅಮ್ಮ ಹೊಲಿದ ಜಬಲ ತೊಡಿಸಿ, ಹಿಂದಿನ ದಾರ ಕಟ್ಟಿದೆ. ಅವನು ಹುಟ್ಟಿದ ವರ್ಷವೆಲ್ಲ ನನ್ನ ಮಗಳ ಬಟ್ಟೆಯನ್ನು ಒಂದೊಂದಾಗಿ ಮತ್ತೆ ನೋಡಿದೆ. ಒಂದೊಂದಾಗಿ ಅವನಿಗೂ ಗಿಡ್ಡವಾದವು. ಆಮೇಲೆ ಅವರು ಅಟ್ಲಾಂಟಾಗೆ ಹೋದರು. ಹೊರಡುವಾಗ ಬಟ್ಟೆ ಹಿಂದಿರುಗಿಸಲೇ ಎಂದು ಕೇಳಿದಳು. ಬೇಡ, ಅಲ್ಲಿ ಯಾರಿಗಾದರೂ ಕೊಡು ಎಂದೆ. ಅಲ್ಲಿ ಒಬ್ಬ ತೆಲುಗು ಹುಡುಗಿಗೆ ಕೊಟ್ಟಳಂತೆ. ಆ ಹುಡುಗಿ ವರ್ಜೀನಿಯಾದ ಸ್ಟರ್ಲಿಂಗಿಗೆ ಹೋದಳಂತೆ. ಅಲ್ಲಿಂದಾಚೆಗೆ ಸುದ್ದಿಯಿಲ್ಲ.

ಯುಗಾದಿ ಊಟಕ್ಕೋ ಯಾರದೋ ಮನೆಯ ಪೂಜೆಗೋ ಹೋದಾಗ ಅಂಬೆಗಾಲಿಡುವ ಮಕ್ಕಳು ಕಂಡರೆ ನಾನು ಮುಖಕ್ಕಿಂತ ಮೊದಲು ಬಟ್ಟೆ ನೋಡುತ್ತೇನೆ. ಒಮ್ಮೆ ವರ್ಜೀನಿಯಾದಲ್ಲಿ ಹಾಗೇ ನೋಡುತ್ತ ನಿಂತಿದ್ದಾಗ ಮಗುವಿನ ತಾಯಿ, "ಎತ್ಕೊಳ್ತೀರಾ ಆಂಟಿ? ನಾನು ಊಟ ಮುಗಿಸ್ಕೊಂಡು ಬರ್ತೀನಿ" ಎಂದಳು. ಕೊಡಮ್ಮ ಎಂದೆ. ಅವಳು ಮಜ್ಜಿಗೆ ಅನ್ನ ಮುಗಿಸಿ ಬರುವವರೆಗೂ ಮಗು ನನ್ನ ಭುಜಕ್ಕೆ ಬಾಯಿಟ್ಟು, ಸೆರಗನ್ನೆಲ್ಲ ಒದ್ದೆ ಮಾಡುತ್ತ, ಕೊಸರದೆ ಕೂತಿತ್ತು.