ಗಾಳೆಮ್ಮನ ಹೊಟ್ಟಿನ ಚೀಲಗಳು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆ ನಮ್ಮೂರು ದಾಟಿದ ಮೇಲೆ ಇಳಿಜಾರಾಗಿ, ಹಳ್ಳದ ಹತ್ತಿರ ಒಮ್ಮೆಲೇ ಬಲಕ್ಕೆ ತಿರುಗುತ್ತದೆ. ತಿರುವಿನ ಎದುರಿಗೇ ಸೇತುವೆಯ ಕಲ್ಲಿನ ಗೋಡೆ. ಎಂಬತ್ತಾರನೇ ಇಸವಿಯಲ್ಲಿ ಗಾಳೆಮ್ಮನ ಗಂಡ ಅಂಬಪ್ಪ ಓಡಿಸುತ್ತಿದ್ದ ಟೆಂಪೋ ಆ ಗೋಡೆಗೆ ಬಡಿಯಿತು. ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ. ಮಣ್ಣು ಮಾಡುವಾಗ ಅಂಬಪ್ಪನ ಮುಖವನ್ನು ಯಾರಿಗೂ ತೋರಿಸಲಿಲ್ಲ.

"ಹಣೆಬರಾ ಬೇ ಗಾಳೆವ್ವ," ಅಂದರು ಮಾತಾಡಿಸಲು ಬಂದವರು.

"ಹಣೆಬರಾ ಅಲ್ಲ, ಕಲ್ಲು," ಅಂದಳು ಗಾಳೆಮ್ಮ.

ಅವಳು ಅತ್ತಿದ್ದನ್ನು ಕಂಡವರಿಲ್ಲ. ಸಿಟ್ಟನ್ನು ಮಾತ್ರ ಎಲ್ಲರೂ ಕಂಡರು. ಅಕ್ಕಿ ಮಿಲ್ಲಿನಲ್ಲಿ ಭತ್ತದ ಹೊಟ್ಟನ್ನು ಚೀಲಕ್ಕೆ ತುಂಬುವುದು ಅವಳ ಕೆಲಸ. ಒಮ್ಮೆ ಎತ್ತರಕ್ಕೆ ಒಟ್ಟಿದ ಅಟ್ಟಿಯ ಮೇಲಿಂದ ಜಾರಿ ಕೆಳಗಿನ ಚೀಲಗಳ ಮೇಲೆ ಬಿದ್ದಳು. ಮೈಗೆ ಏನೂ ಆಗಿರಲಿಲ್ಲ. ಚೀಲವೊಂದು ಒಡೆದು ಹೊಟ್ಟು ಚೆಲ್ಲಿತ್ತು. ಚೆಲ್ಲಿದ ಹೊಟ್ಟನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ಮರುವಾರ ಮಿಲ್ಲಿನ ತಳ್ಳುಬಂಡಿಯ ಮೂತಿಗೆ ನೀರು ತುಂಬಿದ ಮಡಕೆ ಕಟ್ಟಿ, ಸೇತುವೆಯ ಗೋಡೆಗೆ ಹೊಟ್ಟಿನ ಚೀಲಗಳನ್ನು ಒಟ್ಟಿ, ಇಳಿಜಾರಿನಿಂದ ಬಂಡಿಯನ್ನು ಬಿಟ್ಟಳು. ಮಡಕೆ ಚೂರಾಯಿತು. ಚೀಲಗಳನ್ನು ಬಿಗಿಯಾಗಿ ತುಂಬಿದ್ದಳು, ಅವೂ ಕಲ್ಲಿನಂತೆಯೇ ಆಗಿದ್ದವು. ಅರ್ಧ ಹೊಟ್ಟು ತೆಗೆದು, ಬಾಯಿ ಸಡಿಲ ಕಟ್ಟಿ, ಬೇರೆ ಮಡಕೆ ಕಟ್ಟಿ ಮತ್ತೆ ಬಿಟ್ಟಳು. ಚೀಲಗಳು ಉಸ್ಸೆಂದು ಕುಸಿದವು. ಮಡಕೆ ಹೊಟ್ಟಿನೊಳಗೆ ಹುದುಗಿ ನಿಂತಿತು, ತುಂಬಿದ ನೀರಿನ ಸಮೇತ.

ಅಂದಿನಿಂದ ಗೋಡೆಯ ಮುಂದೆ ಚೀಲಗಳು ಬಂದವು. ಮಳೆಗೆ ನೆಂದು ಗಟ್ಟಿಯಾದವನ್ನು ತೆಗೆದು ಹೊಸವನ್ನು ಒಟ್ಟುವುದು ಅವಳದೇ ಕೆಲಸವಾಯಿತು.

"ಗಾಡಿಗೋಳಿಗೆ ಹಾಸಿಗಿ ಹಾಸ್ಯಾಳ ನೋಡ್ರಿ," ಎಂದು ಊರ ಹಿರಿಯ ಗಿಡ್ಡಪ್ಪ ನಗುತ್ತಿದ್ದ. "ಒಂದು ದಿಂಬೂ ಇಡಬೇ ಗಾಳೆವ್ವ!"

ತೊಂಬತ್ತೊಂದರ ಒಂದು ಮಧ್ಯಾಹ್ನ ನಮ್ಮೂರಿನ ಚಾಂದ್‌ಪಾಷಾನ ಲಾರಿಯ ಬ್ರೇಕ್ ಹೋಯಿತು. ಲಾರಿ ನೇರವಾಗಿ ಬಂದು ಚೀಲಗಳಿಗೆ ನುಗ್ಗಿತು. ಹೊಟ್ಟಿನ ಧೂಳು ಇಳಿದ ಮೇಲೆ ಕೆಮ್ಮುತ್ತ, ಮೀಸೆಯ ತುಂಬ ಹೊಟ್ಟು ಮೆತ್ತಿಕೊಂಡು ಚಾಂದ್‌ಪಾಷಾ ಇಳಿದು ಬಂದ. ಊರಿಗೆ ಊರೇ ಸೇರಿತು.

"ಹನುಮಪ್ಪ ಕಾಪಾಡ್ಯಾನ," ಅಂದ ಗಿಡ್ಡಪ್ಪ.

ಗಾಳೆಮ್ಮ ಒಡೆದ ಚೀಲಗಳನ್ನು ಹೊಲಿಯುತ್ತ ಕುಳಿತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮುಂದೆ ತಂಗಿಯ ಬಾಣಂತನಕ್ಕೆಂದು ಅವಳು ಲಿಂಗಸುಗೂರಿಗೆ ಹೋದಳು. ತಿರುಗಿ ಬಂದು ಬಸ್ಸಿಳಿದವಳು ತಿರುವಿನಲ್ಲೇ ನಿಂತುಬಿಟ್ಟಳು. ಚೀಲಗಳು ಹಳ್ಳದಲ್ಲಿ ಬಿದ್ದಿದ್ದವು. ಅವಿದ್ದ ಜಾಗದಲ್ಲಿ ಕಲ್ಲು ಸಿಮೆಂಟಿನ ಕಟ್ಟೆ, ಅದರ ಮೇಲೆ ಹನುಮಪ್ಪನ ಮೂರ್ತಿ. ಅಂದೇ ಪೂಜೆ. ಕಲ್ಲು ಹೇರಿಕೊಂಡು ಬಂದದ್ದು ಚಾಂದ್‌ಪಾಷಾನ ಲಾರಿ.

"ಬಾ ಅಕ್ಕಾ," ಎಂದ ಚಾಂದ್‌ಪಾಷಾ ಖುಷಿಯಿಂದ. "ನನ್ನ ಜೀವಾ ಉಳದ ಜಾಗಾ, ಹಂಗ ಬಿಡಬಾರದಂತ ಎಲ್ಲಾರೂ ಕೂಡಿ ಕಟ್ಟೀವಿ."

ಗಾಳೆಮ್ಮ ಹಳ್ಳಕ್ಕಿಳಿದು, ನೆನೆಯದೆ ಉಳಿದಿದ್ದ ಚೀಲಗಳನ್ನು ಒಂದೊಂದಾಗಿ ಹೊತ್ತು ತಂದು ಕಟ್ಟೆಯ ಮುಂದೆ ಒಟ್ಟತೊಡಗಿದಳು.

"ಏ, ಹನುಮಪ್ಪನ ಮಾರಿ ಮುಚ್ಚತೀ ಏನಬೇ!" ಮೂರ್ತಿಯ ಮುಖ ಚೀಲಗಳ ಹಿಂದೆ ಮರೆಯಾಗುತ್ತಿದ್ದುದನ್ನು ಕಂಡು ಗಿಡ್ಡಪ್ಪ ಕೂಗಿದ.

"ಹನುಮಪ್ಪನ ಮಾರಿ ಕಲ್ಲಿಂದು, ಮಾವ. ನನ್ನ ಗಂಡಂದು ಕಲ್ಲಿಂದು ಇದ್ದಿಲ್ಲ."

ಗಾಳೆಮ್ಮ ಹಣೆಯ ಬೆವರು ಒರೆಸಿಕೊಂಡಳು. "ಪೂಜಿ ನಿಲ್ಲಿಸಬ್ಯಾಡ್ರಿ. ಕಾಯಿ ಒಡೀರಿ."

ಗಿಡ್ಡಪ್ಪ ಕಟ್ಟೆಯ ಅಂಚಿಗೆ ಕಾಯಿ ಬಡಿದ. ಒಂದೇ ಏಟಿಗೆ ಎರಡು ಹೋಳಾಗಿ ನೀರು ಚಿಮ್ಮಿತು.

"ಈಗ ಇನ್ನೊಂದು ತಗೊಂಡು ನನ್ನ ಚೀಲಕ್ಕ ಬಡೀರಿ."

ಅವನಿಗೂ ಸಿಟ್ಟು ಬಂದಿತ್ತು. ಕೈ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದ. ಕಾಯಿ ಹೊಟ್ಟಿನ ಚೀಲದಲ್ಲಿ ಹುಗಿದುಹೋಯಿತು. ಗಾಳೆಮ್ಮ ಅದನ್ನು ತೆಗೆದು ಚಾಂದ್‌ಪಾಷಾನ ಕೈಗಿಟ್ಟಳು.

"ಅಲ್ಲಾಡಿಸಿ ನೋಡು. ಅವತ್ತ ನಿನ್ನ ತಲಿ ಹಿಂಗ ಉಳದೈತಿ. ಉಪಕಾರ ತೀರಸಾಕ ಮತ್ತ ಕಲ್ಲ ತಂದಿ?"

ಚಾಂದ್‌ಪಾಷಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನೀರು ಕುಲುಕಿತು. ಅವನು ಕಾಯಿಯನ್ನು ಅವಳಿಗೆ ಮರಳಿ ಕೊಟ್ಟು, ಪಂಚೆ ಮೇಲೆತ್ತಿ ಕಟ್ಟಿಕೊಂಡು ಹಳ್ಳಕ್ಕಿಳಿದ. ಅವನು ಎರಡನೆಯ ಚೀಲ ತರುವಷ್ಟರಲ್ಲಿ ಇನ್ನೂ ಕೆಲವರು ಇಳಿದಿದ್ದರು. ಗಿಡ್ಡಪ್ಪ ಗೊಣಗುತ್ತಲೇ ಹನುಮಪ್ಪನನ್ನು ರಸ್ತೆಯ ಆಚೆ ಬೇವಿನ ಮರದಡಿ ಇರಿಸಲು ಒಪ್ಪಿದ.

ಕಟ್ಟೆ ಕೀಳಲು ಬರಲಿಲ್ಲ, ಅಷ್ಟು ಗಟ್ಟಿಯಾಗಿ ಕಟ್ಟಿದ್ದರು. ಚೀಲಗಳು ಅದರ ಮುಂದೆ ಬಂದು ಕುಳಿತವು. ಗಾಳೆಮ್ಮ ಒಂದು ಚೀಲವನ್ನು ಮುಷ್ಟಿಯಿಂದ ಒತ್ತಿ ನೋಡಿ, "ಇದು ಬಿಗಿ ಆಗೇತಿ, ಬಿಚ್ಚು," ಎಂದು ಚಾಂದ್‌ಪಾಷಾನನ್ನು ಗದರಿದಳು. ಒಡೆಯದ ಕಾಯಿ ಅವಳ ಸೆರಗಿನ ಗಂಟಿನಲ್ಲಿತ್ತು.