ಅವ್ವನ ಕಾರ್ಡು, ನನ್ನ ತೋಳು

ಅವ್ವನಿಗೆ ಬಿಪಿ ಇದೆ ಎಂದು ಗೊತ್ತಾದಾಗ ಮನೆಯಲ್ಲಿ ಯಾರೂ ಹೆದರಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಕಾರ್ಡು ಮಾಡಿಕೊಟ್ಟು ಗುಳಿಗೆ ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ನಗೆಯಾಡುವವರು ಒಮ್ಮೆ ಆ ಪಾಳಿಯಲ್ಲಿ ನಿಂತು ನೋಡಬೇಕು. ತಿಂಗಳಿಗೊಂದು ದಿನ, ಮಧ್ಯಾಹ್ನದ ತನಕ ನಿಲ್ಲಬೇಕು. ಅವ್ವ ಸೇಡಂ ರಸ್ತೆಯ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಲ್ಲಿ ಒಂದು ದಿನ ತಪ್ಪಿಸಿದರೆ ಹೋಗುವುದು ಆ ದಿನದ ಕೂಲಿಯಷ್ಟೇ ಅಲ್ಲ, ವಾರಪೂರ್ತಿ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿರುತ್ತಿದ್ದಳು.

"ನಾಳಿಗಿ ಗುಳಿಗಿ ತರೋ ದಿನ ಅದ. ಮುಕಾದಮ ಜಾಗಾ ಬ್ಯಾರೇರಿಗಿ ಕೊಡ್ತಾನ. ಏನ್ ಮಾಡ್ಲಿ?" ಎಂದು ಅವ್ವ ಒಲೆಯ ಮುಂದೆ ಕೂತು ಕೇಳಿದಳು.

"ನೀ ಮಿಲ್ಲಿಗಿ ಹೋಗವ್ವ, ನಾ ತರ್ತೀನಿ" ಎಂದೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು, ನನ್ನ ಮಷಿನು ಅರ್ಧ ದಿನ ನಿಂತರೆ ಕೇಳುವವರಿಲ್ಲ. ಈ ಜಾಣತನ ಪೂರಾ ನನ್ನದೇ, ಅವ್ವನದಲ್ಲ.

ಮರುದಿನ ದವಾಖಾನೆಯಲ್ಲಿ, ಬಿಪಿ ನೋಡದೆ ಗುಳಿಗೆ ಕೊಡುವುದಿಲ್ಲ ಎಂದು ನರ್ಸಮ್ಮ ತೋಳಿಗೆ ಕಟ್ಟುವ ಪಟ್ಟಿ ತೆಗೆದರು. "ಈ ಕಾರ್ಡ್ ನಿಮ್ದೇ ಏನ್ರಿ?" ಎಂದು ಕೇಳಿಯೂ ಕೇಳಿದರು. ಅವ್ವನಿಗೂ ನನಗೂ ಹದಿನೈದು ವರ್ಷವಷ್ಟೇ ಅಂತರ, ಮುಖವೂ ಒಂದೇ ಅಚ್ಚು. "ನಂದೇ ರೀ" ಎಂದು ಸೆರಗು ಸರಿಸಿ ತೋಳು ಕೊಟ್ಟೆ. ಅವ್ವನ ಹೆಸರಿನ ಮುಂದೆ ನನ್ನ ಬಿಪಿ ಬರೆದುಕೊಂಡು ಗುಳಿಗೆ ಕೊಟ್ಟರು. ಇಷ್ಟು ಸಲೀಸೇ ಎನ್ನಿಸಿತು. ಮುಂದಿನ ತಿಂಗಳೂ ಹೋದೆ, ಅದರ ಮುಂದಿನ ತಿಂಗಳೂ.

ಮೂರನೆಯ ಸಲ ಡಾಕ್ಟರು ಕಾರ್ಡು ನೋಡಿ ಖುಷಿಪಟ್ಟರು. "ಭಾಳ ಚೊಲೋ ಕಂಟ್ರೋಲ್ ಆಗ್ಯದ ನೋಡ್ರಿ. ಇನ್ನ ಎರಡು ಗುಳಿಗಿ ಬ್ಯಾಡ, ಒಂದೇ ಸಾಕು."

ಕಂಟ್ರೋಲ್ ಆಗಿದ್ದು ನನ್ನ ಬಿಪಿ, ಅವ್ವನದಲ್ಲ. ಅಲ್ಲೇ ಬಾಯಿ ಬಿಡಬೇಕಿತ್ತು. ಹಿಂದೆ ಅಷ್ಟುದ್ದ ಪಾಳಿ, ಎಲ್ಲರೆದುರು ಬೈಸಿಕೊಳ್ಳುವ ನಾಚಿಕೆ. ಕೊಟ್ಟಷ್ಟು ಗುಳಿಗೆ ತೆಗೆದುಕೊಂಡು ಬಂದುಬಿಟ್ಟೆ. ಮನೆಯಲ್ಲಿ ಹೇಳಿದರೆ ಅವ್ವ ನಕ್ಕಳು: "ಒಂದು ಕಡಿಮಿ ಆತಲ್ಲ, ಚೊಲೋನೇ ಆತು." ಆಮೇಲೆ ತಲೆನೋವು ಬಂದಾಗಲೆಲ್ಲ ಮಿಲ್ಲಿನ ಧೂಳು ಎನ್ನುತ್ತಿದ್ದಳು. ನಾನೂ ಧೂಳೇ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ದುಡ್ಡು ಬೇಕಿರಲಿಲ್ಲ.

ಒಂದು ದಿನ ತೊಗರಿಯ ರಾಶಿಯ ಮುಂದೆಯೇ ಅವ್ವ ಬಲಕ್ಕೆ ವಾಲಿದಳು. ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಬಾಯಿ ಒಂದು ಕಡೆ ಎಳೆದುಕೊಂಡಿತು. ಕೂಲಿ ಉಳಿಸಲು ಹೋಗಿ ಕೂಲಿ ಮಾಡುವ ಕೈಯನ್ನೇ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಲ್ಲಿಯ ಡಾಕ್ಟರು ಕಾರ್ಡು ತಿರುವಿ ನೋಡಿದರು. "ತಿಂಗಳಾ ತಿಂಗಳಾ ಬಿಪಿ ಚೊಲೋನೇ ಅದಲ್ಲ! ಇವರು ಖುದ್ದು ಹೋಗಿ ತೋರಿಸ್ಕೊಂಡಾರೇನು?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತೊದಲುತ್ತ, "ನಾನೇ... ಹೋಗ್ತಿದ್ದೆ ರೀ" ಎಂದಳು. ಎಡಗೈಯಿಂದ ನನ್ನ ಮುಂಗೈ ಒತ್ತಿ ಹಿಡಿದಿದ್ದಳು. ಕಾರ್ಡು ಕಸಿದುಕೊಂಡಾರು ಎಂಬ ಭಯವೋ, ಮಗಳನ್ನು ಬೈದಾರು ಎಂಬ ಭಯವೋ, ಇವತ್ತಿಗೂ ನಾನು ಕೇಳಿಲ್ಲ. ಡಾಕ್ಟರು ಅವಳು ಹೇಳಿದ್ದನ್ನೇ ಬರೆದುಕೊಂಡರು. ನಾನು ಬರೆದುಕೊಳ್ಳಲು ಬಿಟ್ಟೆ.