ಕೈಗೊಂದು ಕೆಲಸ ಬೇಕೆಂದು ಕಟ್ಟಿದ ಕಾರು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಹಲ್ಲಿನ ಸೆಟ್ ಮಾಡುವ ಸಿದ್ದಲಿಂಗೇಶನಿಗೆ ತನ್ನ ಬಲಗೈ ತನ್ನ ಮಾತು ಕೇಳುತ್ತಿಲ್ಲವೆಂದು ಮೊದಲು ಗೊತ್ತಾದದ್ದು ಹಾವೇರಿಯ ಒಂದು ದವಾಖಾನೆಯ ಬೆಂಚಿನ ಮೇಲೆ, ಸುಮ್ಮನೆ ಕುಳಿತಿದ್ದಾಗ. 2006ರ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಒಳಗೆ ದಂತವೈದ್ಯೆ ಡಾಕ್ಟರ್ ಶೀಲಾ ಯಾರದೋ ಹಲ್ಲು ಕೀಳುತ್ತಿದ್ದರು. ಹೊರಗೆ ಅವನು, ತೊಡೆಯ ಮೇಲೆ ಹೊಸ ಸೆಟ್ಟಿನ ಡಬ್ಬಿ ಇಟ್ಟುಕೊಂಡು ಕರೆಗಾಗಿ ಕಾಯುತ್ತಿದ್ದ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವನ ಕೈಯನ್ನೇ ನೋಡುತ್ತ ಕೇಳಿದಳು:

"ಅರಳಿ ಇಲ್ದ ಏನ್ ಬತ್ತಿ ಹೊಸಿಯಾಕತ್ತಿಯೋ ಯಪ್ಪಾ?"

ಅವನು ಕೆಳಗೆ ನೋಡಿದ. ಹೆಬ್ಬೆರಳು ತೋರುಬೆರಳಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳುತ್ತಿತ್ತು. ಅವನು ಉರುಳಿಸುತ್ತಿರಲಿಲ್ಲ. ನಿಲ್ಲು ಎಂದು ಮನಸ್ಸಿನಲ್ಲಿ ಹೇಳಿದ. ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ರೋಗಿಯ ಬಾಯಲ್ಲಿ ಸೆಟ್ ಒಂದು ಬದಿ ಒತ್ತುತ್ತಿತ್ತು; ಅವನು ಉಪಕರಣ ಹಿಡಿದು ಕೂದಲೆಳೆಯಷ್ಟು ತೇಯ್ದ. ಕೈ ಕಲ್ಲಿನಂತೆ ಸ್ಥಿರವಾಗಿತ್ತು.

ಇಲ್ಲಿಂದ ಮುಂದಿನ ಒಂಬತ್ತು ತಿಂಗಳ ಅವನ ಬದುಕು ಈ ಎರಡು ಸಂಗತಿಗಳ ನಡುವೆ ಓಡಾಡಿತು: ಸುಮ್ಮನಿದ್ದರೆ ನಡುಗುವ ಕೈ, ಕೆಲಸಕ್ಕೆ ಹಚ್ಚಿದರೆ ನಿಲ್ಲುವ ನಡುಕ.

ಐರಣಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಕಸುಬು ಕಲಿತು, ರಾಣೆಬೆನ್ನೂರಿನಲ್ಲಿ ನೆಲೆನಿಂತ ಸಿದ್ದಲಿಂಗೇಶನಿಗೆ ಆಗ ಐವತ್ತೊಂದು ವರ್ಷ. ಅವನು ವೈದ್ಯನಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ನಿಲ್ಲಿಸಿ, ಗುಲಾಬಿ ಬಣ್ಣದ ಅಕ್ರಿಲಿಕ್‌ನಲ್ಲಿ ಬೇಯಿಸಿ ಕೊಡುವವನು. ಅವನ ಕೆಲಸದ ಮುಕ್ಕಾಲು ಪಾಲು ಬರುತ್ತಿದ್ದದ್ದು ಶೀಲಾ ಅವರ ದವಾಖಾನೆಯಿಂದ. ನಡುಗುವ ಕೈಯವನಿಗೆ ಯಾರು ಬಾಯಿ ಒಪ್ಪಿಸುತ್ತಾರೆ? ಸುದ್ದಿ ಹೊರಬಿದ್ದ ದಿನ ಅಚ್ಚುಗಳೆಲ್ಲ ಹುಬ್ಬಳ್ಳಿಯ ಲ್ಯಾಬುಗಳ ದಾರಿ ಹಿಡಿಯುತ್ತವೆಂದು ಅವನು ನಂಬಿದ್ದ. ಆದ್ದರಿಂದ ಯಾರಿಗೂ ಹೇಳಲಿಲ್ಲ, ಹೆಂಡತಿ ಪುಷ್ಪಲತಾಳಿಗೂ.

ಮಿದುಳಿನ ಪಾರ್ಕಿನ್‌ಸನ್ ರೋಗದಲ್ಲಿ ಕಾಣುವ ನಡುಕದ ಸ್ವಭಾವವೇ ಇದು. ವಿಶ್ರಾಂತಿಯಲ್ಲಿ ಏಳುತ್ತದೆ, ಉದ್ದೇಶಪೂರ್ವಕ ಚಲನೆಯಲ್ಲಿ ಅಡಗುತ್ತದೆ, ನಿದ್ದೆಯಲ್ಲಿ ಬಹುತೇಕ ಮಾಯವಾಗುತ್ತದೆ. ಸಿದ್ದಲಿಂಗೇಶ ಇದನ್ನೆಲ್ಲ ಓದಿದವನಲ್ಲ. ತನ್ನಷ್ಟಕ್ಕೆ ಪರೀಕ್ಷಿಸಿ ನೋಡಿದ. ಬಸ್ಸಿನಲ್ಲಿ, ಟೀವಿ ಮುಂದೆ, ಊಟಕ್ಕೆ ಬಡಿಸುವವರೆಗಿನ ಹೊತ್ತಿನಲ್ಲಿ ಕೈಯನ್ನು ಗಮನಿಸಿದ. ಗಮನಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಪ್ರಯೋಗ ಮಾಡುವವನೂ ಪ್ರಯೋಗಕ್ಕೆ ಒಳಗಾಗುವವನೂ ಒಬ್ಬನೇ ಆಗಿ, ಫಲಿತಾಂಶದ ಬಗ್ಗೆ ಅವನಿಗೇ ಭಯವಿದ್ದಾಗ, ತೀರ್ಮಾನ ಬೇಕಾದ ಕಡೆಗೆ ವಾಲುತ್ತದೆ. ಕೈಗೆ ಬಿಡುವು ಹೆಚ್ಚಾಗಿದೆ, ಅದಕ್ಕೇ ಈ ಚಾಳಿ ಎಂದು ಅವನು ತೀರ್ಮಾನಿಸಿದ. ಬಿಡುವೇ ಕೊಡದಿದ್ದರೆ ಆಯಿತು.

ಹಾಗೆ ಕೈಗೊಂದು ಕೆಲಸ ಹುಡುಕುತ್ತಿದ್ದವನಿಗೆ ಯುಗಾದಿ ಆದಮೇಲೆ ಸಿಕ್ಕಿದವನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಶಶಿಕಾಂತ. ಮುಂದಿನ ಎರಡು ಹಲ್ಲು ಮುರಿದುಕೊಂಡಿದ್ದ ಅವನಿಗೆ ಹೊಸವನ್ನು ಕೂಡಿಸಿಕೊಡಲು ಸಿದ್ದಲಿಂಗೇಶ ಅವನ ಅಂಗಡಿಗೇ ಹೋಗಿದ್ದ. ಮಾರುಕಟ್ಟೆಯ ದಿನ, ಒಳಗೆ ಬಂದವರೆಲ್ಲ ಸೀನಿಯೇ ಮಾತು ಶುರುಮಾಡುತ್ತಿದ್ದರು. ಹಲ್ಲು ಕೂತಮೇಲೆ ಶಶಿಕಾಂತ ಕನ್ನಡಿಯಲ್ಲಿ ನಕ್ಕು ನೋಡಿಕೊಂಡು, ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದ. ಮೇಲೆ ಉದ್ದನೆಯ, ನೆಲಕ್ಕೆ ಹತ್ತಿದಂಥ ವಿದೇಶಿ ಕಾರಿನ ಚಿತ್ರ. ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿದ ನೂರಾರು ಬಿಡಿಭಾಗಗಳು. ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನ ಅಳತೆಯ ಕಾರು, ತಾವೇ ಕೂಡಿಸುವವರಿಗಾಗಿ ಮಾಡಿದ ಕಿಟ್ಟು.

"ಸಿಂಗಪುರದಾಗ ಪೂರಾ ಕಾರು ಅಂತ ತಗೊಂಡೆ ಸಿದ್ದಣ್ಣಾರ. ಬಿಚ್ಚಿ ನೋಡಿದ್ರ ಎಲ್ಲಾ ತುಂಡು ತುಂಡು. ನೀವು ಬಾಯಾಗ ಹಲ್ಲು ಕೂಡಸಾವ್ರು, ಇದನ್ನೂ ಕೂಡಸ್ರಿ. ಆದ್ರ ಈ ಕಾರು ಬ್ಯಾಡ. ನಮ್ಮ ಅಂಬಾಸಿಡರ್ ಆಗ್ಬೇಕು."

ಹಿತ್ತಲಲ್ಲಿ ಆ ಅಂಬಾಸಿಡರ್ ನಿಂತಿತ್ತು. ಕೆನೆ ಬಣ್ಣ, ಮೂವತ್ತು ವರ್ಷದ ಮೆಣಸಿನಕಾಯಿ ಧೂಳು. ಹೊಸ ಗೋದಾಮಿಗೆ ಜಾಗ ಬೇಕಾಗಿ ಅದು ಗುಜರಿಗೆ ಹೋಗುವುದಿತ್ತು. ನೆನಪಿಗೆ ಏನಾದರೂ ಉಳಿಯಬೇಕೆಂದು ಶಶಿಕಾಂತನ ತಂದೆ ಹಟ ಹಿಡಿದಿದ್ದರು.

ಸಿದ್ದಲಿಂಗೇಶ ಪೆಟ್ಟಿಗೆಯ ಮೇಲಿನ ಚಿತ್ರವನ್ನೂ ಹಿತ್ತಲಿನ ಗಾಡಿಯನ್ನೂ ನೋಡಿದ. "ಕುದರಿ ಕೊಟ್ಟು ಎಮ್ಮಿ ಮಾಡು ಅಂದಂಗಾತಲ್ರಿ!"

"ಎಮ್ಮೀನ ಬೇಕ್ರಿ. ನಮ್ಮಪ್ಪಗ ಹಾಲು ಕೊಟ್ಟದ್ದು ಅದು. ದೀಪಾವಳಿ ಲಕ್ಷ್ಮೀಪೂಜಿಗೆ ಹೊಸಾ ಅಂಗಡ್ಯಾಗ ಇಡಬೇಕು, ಅಷ್ಟ ನೋಡ್ರಿ."

ಅವತ್ತೇ ಟೇಪು ಹಿಡಿದು ಅವನು ಹಳೆಯ ಗಾಡಿಯನ್ನು ಅಳೆದ. ಚಕ್ರಗಳ ನಡುವಿನ ಅಂತರ, ದೀಪಗಳ ಎತ್ತರ, ಮುಂಭಾಗದ ಉಬ್ಬು. ಎಲ್ಲವನ್ನೂ ಇಪ್ಪತ್ನಾಲ್ಕರಿಂದ ಭಾಗಿಸಿದ. ಕಿಟ್ಟಿನ ತಳಪಾಯ, ಚಕ್ರ, ಸೀಟುಗಳನ್ನು ಉಳಿಸಿಕೊಳ್ಳಬಹುದಿತ್ತು. ಮೇಲಿನ ಕವಚ ಮಾತ್ರ ಪೂರ್ತಿ ಬದಲಾಗಬೇಕಿತ್ತು: ಚಪ್ಪಟೆ ಬಾನೆಟ್ಟಿಗೆ ಗೂನು, ಡಿಕ್ಕಿಗೆ ದುಂಡು ಬೆನ್ನು, ಮಾಡಿಗೆ ತಗ್ಗಾದ ಕಮಾನು.

ಮೊದಲ ತಪ್ಪು ಅವನ ಕಸುಬಿನಿಂದಲೇ ಬಂತು. ಒಸಡಿಗೆ ಬಳಸುವ ಅಕ್ರಿಲಿಕ್ ಪುಡಿಯನ್ನು ಅದರ ದ್ರವದಲ್ಲಿ ಕಲಸಿ, ಕಣಕದಂತಾದಾಗ ಅದನ್ನು ನೇರವಾಗಿ ಕಾರಿನ ಕವಚದ ಮೇಲೆ ಮೆತ್ತಿದ. ಇಷ್ಟು ವರ್ಷ ಆ ದ್ರವ ತಾಗಿದ್ದೆಲ್ಲ ಪ್ಲಾಸ್ಟರು, ಲೋಹ, ಗಾಜು. ಕಿಟ್ಟಿನ ಪ್ಲಾಸ್ಟಿಕ್ ಬೇರೆ ಜಾತಿಯದು. ದ್ರವ ಅದನ್ನು ಕರಗಿಸುತ್ತದೆ. ಜೊತೆಗೆ ಅಕ್ರಿಲಿಕ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅವನು ನೋಡುತ್ತಿದ್ದಂತೆಯೇ ಕಾರಿನ ಮಾಡು ಮೆತ್ತಗಾಗಿ ಒಳಕ್ಕೆ ಕುಸಿಯಿತು.

ಬ್ಲೌಸಿಗೆ ಕೊಕ್ಕೆ ಹಚ್ಚುತ್ತ ಕುಳಿತಿದ್ದ ಪುಷ್ಪಲತಾ ಎದ್ದು ಬಂದು ನೋಡಿದಳು. "ಅಯ್ಯ, ಹಲ್ಲಿಲ್ಲದ ಬಾಯಿ ಆತಲ್ರೀ ಇದು! ಇದಕ್ಕೂ ಒಂದು ಸೆಟ್ ಮಾಡ್ರಿ ಮತ್ತ."

ತಮಾಷೆಗೆ ಹೇಳಿದ್ದೇ ದಾರಿಯಾಯಿತು. ಕುಸಿದ ಮಾಡನ್ನು ಕತ್ತರಿಸಿ ತೆಗೆದ. ಬೇಕಾದ ಆಕಾರವನ್ನು ಮೇಣದಲ್ಲಿ ಕೊರೆದು, ಪ್ಲಾಸ್ಟರಿನಲ್ಲಿ ಅಚ್ಚು ಹಾಕಿ, ಅಕ್ರಿಲಿಕ್ ತುಂಬಿ, ಸೆಟ್ಟಿನ ಹಾಗೆಯೇ ಬೇಯಿಸಿದ. ಗಟ್ಟಿಯಾದ ತುಂಡನ್ನು ತೇಯ್ದು, ಎರಡು ಟ್ಯೂಬಿನಿಂದ ಬೆರೆಸಿ ಹಚ್ಚುವ ಅಂಟಿನಿಂದ ಕೂಡಿಸಿದ. ಜ್ಯೇಷ್ಠದ ಹೊತ್ತಿಗೆ ಅವನ ಮೇಜಿನ ಮೇಲೆ ಒಸಡಿನ ಗುಲಾಬಿ ಬಣ್ಣದ ಒಂದು ಅಂಬಾಸಿಡರ್ ನಿಂತಿತ್ತು. ಸೆಟ್ ಒಯ್ಯಲು ಬಂದವರು ಅದನ್ನು ನೋಡಿ ನಗುತ್ತಿದ್ದರು, ಎರಡನೇ ಸಲ ನೋಡಿ ನಗು ನಿಲ್ಲಿಸುತ್ತಿದ್ದರು.

ಬಣ್ಣ ಬಳಿದರೆ ಮುಗಿಯಬೇಕಿತ್ತು. ಆದರೆ ಉದ್ದವನ್ನು ಭಾಗಿಸಿದ ಹಾಗೆ ಬಣ್ಣವನ್ನು ಭಾಗಿಸಲು ಬರುವುದಿಲ್ಲ. ದೊಡ್ಡ ಕಾರಿಗೂ ಸಣ್ಣ ಕಾರಿಗೂ ಬಣ್ಣದ ಪದರದ ದಪ್ಪ ಹೆಚ್ಚು ಕಡಿಮೆ ಒಂದೇ. ಸಣ್ಣದರಲ್ಲಿ ಅದು ಬಾಗಿಲ ಸಂದುಗಳನ್ನು ತುಂಬಿ, ಅಂಚುಗಳನ್ನು ಮೊಂಡು ಮಾಡಿ, ಕಾರನ್ನು ಸಕ್ಕರೆಗೊಂಬೆ ಮಾಡಿಬಿಡುತ್ತದೆ. ಮೊದಲ ಸಲ ಹಾಗೇ ಆಯಿತು. ಬಣ್ಣವನ್ನೆಲ್ಲ ಕೆರೆದು ತೆಗೆದು ತೆಳ್ಳಗೆ ಬಳಿದ. ಎರಡನೇ ಸಲ ಚೆನ್ನಾಗಿಯೇ ಬಂತು. ಆದರೂ ಕೆರೆದ.

ಎರಡನೇ ಸಲ ಕೆರೆದದ್ದಕ್ಕೆ ಬಣ್ಣ ಕಾರಣವಾಗಿರಲಿಲ್ಲ. ಸಂಜೆ ಅವನು ಕಾರನ್ನು ಮೇಜಿನ ಮೇಲಿಟ್ಟು, ಸಾಕು ಎಂದು ಕೈ ಕೆಳಗಿಳಿಸಿದ. ಬೆರಳುಗಳು ಕೂಡಲೇ ಹೊಸೆಯತೊಡಗಿದವು. ಅಡುಗೆಮನೆಯಿಂದ ಪುಷ್ಪಲತಾ ಬರುವ ಸಪ್ಪಳ ಕೇಳಿಸಿತು. ಅವನು ಗಡಬಡಿಸಿ ಪಾಲಿಷ್ ಕಾಗದ ಎತ್ತಿಕೊಂಡು ಬಾನೆಟ್ಟನ್ನು ಉಜ್ಜಲು ಶುರುಮಾಡಿದ.

ಅಲ್ಲಿಂದಾಚೆ ಕಾರು ಮುಗಿಯುವುದೇ ಅವನಿಗೆ ಬೇಡವಾಯಿತು. ಮಾಡಿನ ಮೇಲೆ ತಂತಿಯ ಕ್ಯಾರಿಯರ್ ಹುಟ್ಟಿತು, ಅದರ ಮೇಲೆ ಗೋಣಿತಾಟಿನ ಪುಟ್ಟ ಚೀಲಗಳು. ಹಿಂದಿನ ಗಾಜಿಗೆ ಪರದೆ ಬಂತು. ಅಸಲು ಗಾಡಿಯ ಎಡಬಾಗಿಲಿನ ತಗ್ಗನ್ನು ಕೆತ್ತಿದ, ದೊಡ್ಡದಾಯಿತೆಂದು ತುಂಬಿದ, ಮತ್ತೆ ಕೆತ್ತಿದ. ಶ್ರಾವಣದಲ್ಲಿ ಬಿಡಿಭಾಗಗಳನ್ನು ಜೇಬಿಗೆ ಹಾಕಿಕೊಂಡು ಹೊರಡತೊಡಗಿದ. ಹಾವೇರಿಯ ಬಸ್ಸಿನಲ್ಲಿ, ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳಿನ ನಡುವೆ, ಒಬ್ಬ ಮನುಷ್ಯ ಬೆರಳಿನುದ್ದದ ಬಂಪರನ್ನು ಉಜ್ಜುತ್ತ ಕುಳಿತಿರುತ್ತಿದ್ದ. ಕಂಡಕ್ಟರ್ ಲಕ್ಷ್ಮಪ್ಪನಿಗೆ ಅವನು ದಿನದ ಗಿರಾಕಿ.

"ಏನ್ರಿ ಸಿದ್ದಣ್ಣ, ಲಗೂ ಮುಗಸ್ರಿ. ಮುಗದ್ರ ನೀವು ಅದರಾಗ ಹೋಗ್ತೀರಿ, ನಮಗ ಒಂದು ಸೀಟು ಉಳೀತೈತಿ."

ಬಸ್ಸೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ, ಉಜ್ಜುವುದನ್ನು ಬಿಡದೆ. ನಗುವವರು ಕಾರನ್ನು ನೋಡುತ್ತಿದ್ದರು, ಕೈಯನ್ನು ನೋಡುತ್ತಿರಲಿಲ್ಲ.

ಮನೆಯಲ್ಲಿ ಅದು ಅಷ್ಟು ಸುಲಭವಿರಲಿಲ್ಲ. ಊಟಕ್ಕೆ ಕೂತರೂ ಬಲಗೈಯಲ್ಲಿ ತುತ್ತು, ತುತ್ತಿಲ್ಲದಾಗ ಕಾರಿನ ಚಕ್ರ. ಪುಷ್ಪಲತಾ ಒಂದು ಮಾತು ಹೇಳಲು ಬಂದರೆ ಅವನ ಕಣ್ಣು ಕಾರಿನಲ್ಲಿ. ತವರಿನಿಂದ ಬಂದ ತಂಗಿ ಜಯವ್ವನ ಎದುರಿಗೆ ಅವಳು ಹೇಳಿಯೇಬಿಟ್ಟಳು: "ನನಗ ಸವತಿ ಬಂದಾಳ, ನಾಕು ಗಾಲಿ ಅದಾವು." ಅಕ್ಕತಂಗಿಯರಿಬ್ಬರೂ ನಕ್ಕರು. ಆದರೆ ಮುಚ್ಚಿಡುವವನ ಮನೆಯಲ್ಲಿ ಬದುಕುವುದು ಹೇಗಿರುತ್ತದೆಂದರೆ, ಏನನ್ನೋ ಮುಚ್ಚಿಟ್ಟಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಅವಳು ರಾತ್ರಿ ಮಗ್ಗುಲಾಗಿ ಅವನನ್ನು ನೋಡುತ್ತಿದ್ದಳು. ನಿದ್ದೆಯಲ್ಲಿ ಆ ಕೈ ಎಲ್ಲರ ಕೈಯಂತೆ ಬಿದ್ದಿರುತ್ತಿತ್ತು.

ದೀಪಾವಳಿ ಹತ್ತಿರವಾಯಿತು. ಶಶಿಕಾಂತ ಎರಡು ಸಲ ಫೋನ್ ಮಾಡಿದ. "ಇನ್ನೊಂದೀಟು ಐತ್ರಿ" ಎಂಬ ಉತ್ತರ ಬಂತು. ಮೂರನೇ ಸಲ ಅವನೇ ಬಂದ. ಸಿದ್ದಲಿಂಗೇಶ ಹಾವೇರಿಗೆ ಹೋಗಿದ್ದ. ಮೇಜಿನ ಮೇಲೆ ಕಾರು ಕೆನೆ ಬಣ್ಣದಲ್ಲಿ ಹೊಳೆಯುತ್ತಿತ್ತು, ಮಾಡಿನ ಮೇಲೆ ಚೀಲ, ಬಾಗಿಲಲ್ಲಿ ತಗ್ಗು.

"ಅಲ್ರೀ ಅಕ್ಕಾರ, ಆಗೇತಲ್ಲ ಇದು! ಇನ್ನೇನು ಉಳದೈತಿ ಇದರಾಗ?"

"ಏನೂ ಉಳದಿಲ್ರಿ," ಎಂದಳು ಪುಷ್ಪಲತಾ. "ತಗೊಂಡ್ ಹೋಗ್ರಿ. ಈಗಿಂದೀಗ ಹೋಗ್ರಿ." ಅವಳೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು.

ಸಂಜೆ ಸಿದ್ದಲಿಂಗೇಶ ಬಂದು ಖಾಲಿ ಮೇಜನ್ನು ನೋಡಿದ. ಅವಳು ಆದದ್ದನ್ನು ಹೇಳಿದಳು. ಅವನು ಕುರ್ಚಿಯಲ್ಲಿ ಕೂತ. ಮಾಡಬೇಕಾದ ಸೆಟ್ಟು ಒಂದೂ ಇರಲಿಲ್ಲ. ಹಬ್ಬದ ಮುಂದೆ ಹಲ್ಲು ಕೀಳಿಸಿಕೊಳ್ಳುವವರು ಕಡಿಮೆ. ಬಲಗೈ ತೊಡೆಯ ಮೇಲಿತ್ತು. ಶುರುವಾಯಿತು. ಈ ಸಲ ಬೆರಳಷ್ಟೇ ಅಲ್ಲ, ಮಣಿಕಟ್ಟಿನವರೆಗೆ.

ಪುಷ್ಪಲತಾ ಹೆದರಿದಳು. "ಇದೇನ್ರಿ, ಕೈ ನಡಗೂವಷ್ಟು ಸಿಟ್ಟೇನು? ಒಂದು ಆಟಿಗಿ ಸಾಮಾನಿಗೆ?"

ಅವನಿಗೊಂದು ಬಾಗಿಲು ತೆರೆದಂತಾಯಿತು. "ಹೌದು," ಎಂದ, "ಸಿಟ್ಟು ಬಂದೈತಿ ನನಗ."

ಸಿಟ್ಟನ್ನು ಉಳಿಸಿಕೊಳ್ಳಬೇಕಾಯಿತು. ಮರುದಿನವೂ ಮುಖ ಗಂಟು ಹಾಕಿಕೊಂಡು ಕೂತ. ಅದು ಅವನಿಗೆ ಬಾರದ ವಿದ್ಯೆ. ಮಧ್ಯಾಹ್ನ ಅವಳು ಅವನಿಗಿಷ್ಟವಾದ ಬದನೇಕಾಯಿ ಎಣ್ಣೆಗಾಯಿ ಮಾಡಿ, ರೊಟ್ಟಿ ಮುರಿದು ತಟ್ಟೆಗಿಟ್ಟು, "ಉಣ್ರಿ, ಆಮ್ಯಾಲ ಸಿಟ್ಟು ಮುಂದವರಸ್ರಿ" ಎಂದಾಗ ಅವನು ನಕ್ಕುಬಿಟ್ಟ. ನಕ್ಕದ್ದೇ ತಪ್ಪಾಯಿತು. ಅವಳೂ ನಗುತ್ತ ಅವನ ಕೈ ನೋಡಿದಳು. ಮುಖ ನಗುತ್ತಿತ್ತು, ಕೈ ನಡುಗುತ್ತಿತ್ತು.

ಅವಳ ನಗು ನಿಂತಿತು. "ಎಂದಿನಿಂದ ಐತಿದು?"

ಅವನು ರೊಟ್ಟಿಗೆ ಕೈ ಹಾಕಲು ಹೋದ. ಅವಳು ತಟ್ಟೆಯನ್ನು ಸರಿಸಿದಳು. "ರೊಟ್ಟಿ ಮುಟ್ಟಬ್ಯಾಡ್ರಿ. ಹಂಗ ಇಡ್ರಿ ಕೈ. ನಾ ನೋಡ್ಬೇಕು."

ಅವನು ಇಟ್ಟ. ಇಬ್ಬರೂ ನೋಡಿದರು. ಅವನು ಹಾವೇರಿಯ ಬೆಂಚಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ.

"ಶೀಲಾ ಮೇಡಮ್ಮಾರಿಗೆ ಗೊತ್ತಾದ್ರ ಕೆಲಸ ಹೋಗ್ತೈತಿ ಪುಷ್ಪಾ."

"ಹೋದ್ರ ಹೋಗ್ಲಿ. ನನ್ನ ಹೊಲಿಗಿ ಐತಿ. ಅವರಿಗೆ ನೀವ ಹೇಳ್ರಿ, ಬ್ಯಾರೆಯವರು ಹೇಳೂಕಿಂತ ಮೊದ್ಲು."

ಹಬ್ಬದ ಮರುದಿನ ಇಬ್ಬರೂ ಹಾವೇರಿಗೆ ಹೋದರು. ಡಾಕ್ಟರ್ ಶೀಲಾ ಅವರ ಮೇಜಿನ ಮೇಲೆ ಅವನು ಬಲಗೈಯನ್ನು ಬಿಚ್ಚಿಟ್ಟು ಸುಮ್ಮನೆ ಕೂತ. ಒಂಬತ್ತು ತಿಂಗಳಲ್ಲಿ ಬೇರೆಯವರ ಮುಂದೆ ಅದಕ್ಕೆ ಏನನ್ನೂ ಕೊಡದೆ ಬಿಟ್ಟದ್ದು ಅದೇ ಮೊದಲು. ಶೀಲಾ ಬಹಳ ಹೊತ್ತು ನೋಡಿದರು. ನಂತರ ಒಂದು ಹಳೆಯ ಸೆಟ್ಟನ್ನೂ ಉಪಕರಣವನ್ನೂ ಅವನ ಕೈಗಿತ್ತು, ಅಂಚು ತೇಯಲು ಹೇಳಿದರು. ಕೈ ನಿಂತಿತು. ಕೆಳಗಿಡಲು ಹೇಳಿದರು. ಮತ್ತೆ ನಡುಗಿತು.

"ರೋಗದ ಹೆಸರು ಹೇಳೂದು ನನ್ನ ಕೆಲಸ ಅಲ್ಲ ಸಿದ್ದಲಿಂಗೇಶ ಅವರ. ಹುಬ್ಬಳ್ಳ್ಯಾಗ ನರದ ಡಾಕ್ಟರ್ ಹಂತ್ಯಾಕ ಹೋಗ್ರಿ, ಚೀಟಿ ಕೊಡ್ತೇನಿ."

"ಕೆಲಸ, ಮೇಡಮ್ಮಾರ?"

"ಇವತ್ತಿಗೆ ಅಡ್ಡಿ ಇಲ್ಲ. ಮುಂದ ಅಡ್ಡಿ ಬರಬಹುದು, ಸುಳ್ಳು ಹೇಳಂಗಿಲ್ಲ ನಾನು. ಸೆಟ್ ಕೆಟ್ಟದ್ದು ಬಂದ ದಿನ ಹೇಳ್ತೇನಿ. ಅಲ್ಲೀತನಕ ಅಚ್ಚು ಕಳಸ್ತೇನಿ. ನೀವು ಮುಚ್ಚಿ ಇಡೂದು ಬಿಡ್ರಿ."

ಅದು ಸಮಾಧಾನದ ಮಾತೂ ಆಗಿರಲಿಲ್ಲ, ಶಿಕ್ಷೆಯೂ ಆಗಿರಲಿಲ್ಲ. ಯಾವ ದಿನ ಎಂದು ಗೊತ್ತಿಲ್ಲದ ಒಂದು ದಿನವನ್ನು ಅವನು ಜೊತೆಗೆ ತೆಗೆದುಕೊಂಡು ಬಸ್ ಹತ್ತಿದ. ಕೈಗೆ ಮಾಡಲು ಏನೂ ಇರಲಿಲ್ಲ. ಪುಷ್ಪಲತಾ ಅದನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಬಿಡು, ಮಂದಿ ನೋಡ್ತಾರ."

"ನೋಡ್ಲಿ."

ಎದುರು ಸೀಟಿನವರು ನೋಡಿದರು, ಬೇರೆಡೆ ನೋಡಿದರು, ಮತ್ತೆ ನೋಡಿದರು. ಅವನು ಎರಡು ಸಲ ಕೈ ಎಳೆದುಕೊಂಡ. ಎರಡು ಸಲವೂ ಅವಳು ವಾಪಸು ತಂದಳು. ಅವಳ ಹಿಡಿತದಲ್ಲಿ ಅದು ನಿಲ್ಲಲಿಲ್ಲ. ನಡುದಾರಿಯ ಮೋಟೆಬೆನ್ನೂರು ಬರುವವರೆಗೂ ನಡುಗಿತು, ದಾಟಿದ ಮೇಲೂ.